ಕಟ್ಟಿದ ಬಿಎಂಎಕ್ಸ್ ಟಕ್ ಅನ್ನುತ್ತಿದೆಯೇ? ಕರಾವಳಿಯ ಸ್ಟ್ರೀಟ್ ರೈಡರ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ಸ್ಟ್ರೀಟ್ ರೈಡಿಂಗ್‌ಗೆಂದು (ಬೀದಿಯ ಮೆಟ್ಟಿಲು, ಕಟ್ಟೆಗಳ ಮೇಲೆ ಹಾರುವ ಸವಾರಿ) ಪಾರ್ಟ್ ಒಂದೊಂದೇ ತರಿಸಿ, ತಾವೇ ಬಿಎಂಎಕ್ಸ್ (ಸಣ್ಣ ಚಕ್ರದ ಗಟ್ಟಿ ಸ್ಟಂಟ್ ಸೈಕಲ್) ಕಟ್ಟಿಕೊಳ್ಳುವವರು ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಫ್ರೇಮ್ ಒಂದು ಕಡೆಯದು, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಯಾರೋ ಬಳಸಿ ಬಿಟ್ಟದ್ದು, ಹಬ್ (ಚಕ್ರದ ನಡುಭಾಗ) ಆನ್‌ಲೈನ್‌ನಲ್ಲಿ ಸಿಕ್ಕಿದ್ದು. ಕಟ್ಟಿ ಮುಗಿಸಿದ ಮೇಲೆ ಕೆಲವು ದಿನ ಚಂದ ಓಡುತ್ತದೆ. ಆಮೇಲೆ ಶುರುವಾಗುತ್ತದೆ. ತುಳಿದರೆ ಟಕ್, ಹಾರಿ ಇಳಿದರೆ ಕಟಕ್, ನಡುನಡುವೆ ಚೈನ್ ಜಾರುವುದು. ಕೂಡಲೇ ಹೊಸ ಬೇರಿಂಗ್ ಆರ್ಡರ್ ಮಾಡುತ್ತಾರೆ. ಅದನ್ನು ಹಾಕಿದ ಮೇಲೂ ಶಬ್ದ ಹಾಗೇ ಉಂಟು!

ಇಂಥ ಸೈಕಲ್‌ಗಳನ್ನು ಬಿಚ್ಚಿ ನೋಡಿದಾಗ ನಿಜವಾಗಿ ಕೆಟ್ಟ ಪಾರ್ಟ್ ಸಿಗುವುದು ಕಡಿಮೆ. ಎರಡು ಪಾರ್ಟ್ ಸೇರುವ ಜಾಗದಲ್ಲೇ ಹೆಚ್ಚಾಗಿ ತೊಂದರೆ ಇರುತ್ತದೆ. ಕಂಪನಿಯಿಂದ ಇಡಿಯಾಗಿ ಬಂದ ಸೈಕಲ್‌ನಲ್ಲಿ ಯಾವುದಕ್ಕೆ ಯಾವುದು ಕೂರುತ್ತದೆ ಎಂದು ಯಾರೋ ಮೊದಲೇ ಅಳೆದು ನೋಡಿರುತ್ತಾರೆ. ನೀವೇ ಕಟ್ಟಿದಾಗ ಅಳೆಯುವ ಕೆಲಸ ನಿಮ್ಮದು. ಅದರ ಮೇಲೆ ನಮ್ಮ ಊರಿನ ಮಳೆ ಮತ್ತು ಉಪ್ಪುಗಾಳಿ. ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ ಮೊದಲು ನುಗ್ಗುವುದು ಪಾರ್ಟ್‌ಗಳ ನಡುವಿನ ಆ ಸಣ್ಣ ಸಂದಿಗೇ. ಆದ್ದರಿಂದ ಏನನ್ನಾದರೂ ಕೊಳ್ಳುವ ಮೊದಲು ಬಿಚ್ಚಿ, ಒರೆಸಿ, ಅಳೆಯಿರಿ.

ಸಲಕರಣೆ ಜಾಸ್ತಿ ಬೇಡ. 5 ಮತ್ತು 6 ಮಿಲಿಮೀಟರ್ ಅಲೆನ್ ಕೀ, ಹಿಂದಿನ ಆಕ್ಸೆಲ್ (ಚಕ್ರದ ಅಚ್ಚು) ನಟ್‌ಗೆ ಉದ್ದನೆಯ 17ರ ಸಾಕೆಟ್, ಮುಂದಿನದಕ್ಕೆ ಸಾಮಾನ್ಯವಾಗಿ 15ರದ್ದು, ಒಂದು ಸ್ಟೀಲ್ ಸ್ಕೇಲು, ಸೀಮೆಸುಣ್ಣ, ಹಳೆ ಬನಿಯನ್ ಬಟ್ಟೆ. ಇದರ ಜೊತೆ ಒಂದು ಡಿಜಿಟಲ್ ಕ್ಯಾಲಿಪರ್ (ದಪ್ಪ, ಒಳ-ಹೊರ ಅಳತೆ ಹಿಡಿಯುವ ಸಾಧನ) ಖಂಡಿತ ತೆಗೆದುಕೊಳ್ಳಿ. ಪಾರ್ಟ್ ಹೊಂದಿಸಿ ಕಟ್ಟುವವರಿಗೆ ಅದಿಲ್ಲದೆ ಕೆಲಸ ಸಾಗುವುದಿಲ್ಲ.

ಶಬ್ದ ಯಾವಾಗ ಬರುತ್ತದೆ?

ಎಲ್ಲಿಂದ ಬರುತ್ತದೆ ಎಂದು ಕಿವಿಗೊಟ್ಟು ಹುಡುಕಿದರೆ ಮೋಸ ಹೋಗುತ್ತೀರಿ. ಸ್ಟೀಲ್ ಪೈಪಿನಲ್ಲಿ ಶಬ್ದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಲೀಸಾಗಿ ಓಡುತ್ತದೆ. ಹೆಡ್‌ಸೆಟ್‌ನಲ್ಲಿ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಹುಟ್ಟಿದ ಟಕ್ ಕಾಲಡಿಯಲ್ಲೇ ಕೇಳಿದ ಹಾಗಿರುತ್ತದೆ. ಹಾಗಾಗಿ ಯಾವಾಗ ಬರುತ್ತದೆ ಎಂದು ಮೊದಲು ನೋಡಿ.

ಪೆಡಲ್ ತಿರುಗಿಸದೆ ಸುಮ್ನೆ ಇಳಿಜಾರಿನಲ್ಲಿ ಉರುಳಲು ಬಿಡಿ. ಆಗಲೂ ಶಬ್ದ ಬಂದರೆ ಚಕ್ರ, ಸ್ಪೋಕ್, ಹಬ್ ಬೇರಿಂಗ್ ಕಡೆ ನೋಡಿ. ಉರುಳುವಾಗ ಇಲ್ಲ, ತುಳಿದಾಗ ಮಾತ್ರ ಬರುತ್ತದೆ ಅಂದರೆ ಪೆಡಲ್, ಕ್ರ್ಯಾಂಕ್, ಬಾಟಂ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಜಾಗದ ಬೇರಿಂಗ್ ಜೋಡಣೆ), ಚೈನ್, ಡ್ರೈವರ್ (ಹಿಂದಿನ ಹಬ್‌ನಲ್ಲಿ ಚೈನ್ ಕೂರುವ ಹಲ್ಲಿನ ಭಾಗ) ಇಷ್ಟರಲ್ಲೇ ಇದೆ. ನಿಂತಲ್ಲೇ ಹ್ಯಾಂಡಲ್ ಎಳೆದಾಗ, ಮೆಟ್ಟಿಲು ಹಾರಿ ಇಳಿದಾಗ ಬಂದರೆ ಹೆಡ್‌ಸೆಟ್, ಸ್ಟೆಮ್ (ಹ್ಯಾಂಡಲ್‌ಬಾರ್ ಹಿಡಿಯುವ ತುಂಡು), ಆಕ್ಸೆಲ್ ನಟ್.

ತುಳಿಯುವ ಪರೀಕ್ಷೆಗೆ ನಮ್ಮಲ್ಲಿ ಏರಿಗೆ ಬರವಿಲ್ಲ. ಮಂಗಳೂರಿನವರಿಗೆ ಲೈಟ್‌ಹೌಸ್ ಹಿಲ್ ಏರು, ಉಡುಪಿಯವರಿಗೆ ಮಣಿಪಾಲಕ್ಕೆ ಹತ್ತುವ ದಾರಿ. ಗಾಡಿಗಳ ಓಡಾಟ ಕಡಿಮೆ ಇರುವ ಬೆಳಗಿನ ಹೊತ್ತು ಹೋಗಿ, ಎದ್ದು ನಿಂತು ನಿಧಾನಕ್ಕೆ ತುಳಿಯುತ್ತಾ ಎಣಿಸಿ. ಕ್ರ್ಯಾಂಕ್ ಒಂದು ಸುತ್ತು ಬಂದಾಗ ಒಂದೇ ಟಕ್, ಅದೂ ಒಂದೇ ಕಾಲಿನ ಹೊತ್ತಿಗೆ ಬಂದರೆ ಪೆಡಲ್ ಅಥವಾ ಆ ಕಡೆಯ ಕ್ರ್ಯಾಂಕ್ ತೋಳು. ಎರಡೂ ಕಾಲಿಗೆ ಬಂದರೆ ಹೆಚ್ಚಾಗಿ ಬಾಟಂ ಬ್ರಾಕೆಟ್. ಸ್ಟ್ರೀಟ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ 25 ಹಲ್ಲಿನ ಸ್ಪ್ರಾಕೆಟ್, ಹಿಂದೆ 9 ಹಲ್ಲಿನ ಡ್ರೈವರ್ ಇರುತ್ತದೆ. ಅಂದರೆ ಕ್ರ್ಯಾಂಕ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ 2.78 ಸುತ್ತು ಬರುತ್ತದೆ. ಒಂದು ಸುತ್ತಿಗೆ ಎರಡು ಮೂರು ಸಲ ಟಕ್ ಅಂದರೆ ಹಿಂದಿನ ಚಕ್ರ ಬಿಚ್ಚಿ.

ಸೀಟಿನದ್ದು ಸುಲಭ. ಕೂತಾಗ ಬಂದು, ನಿಂತಾಗ ನಿಂತರೆ ಸೀಟ್‌ಪೋಸ್ಟ್. ಹೊರಗೆ ಎಳೆದು, ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ ಹಾಕಿ. ಪೆಡಲ್‌ನದ್ದೂ ಅಷ್ಟೇ. ಎಡ ಪೆಡಲ್‌ನ ಮರೆ (ತಿರುಪಿನ ಎಳೆ, ಥ್ರೆಡ್) ಉಲ್ಟಾ ಇರುತ್ತದೆ ಎಂಬುದು ಮಾತ್ರ ನೆನಪಿರಲಿ. ಬಿಚ್ಚಿ, ಮರೆಯಲ್ಲಿರುವ ಮಣ್ಣು ತೆಗೆದು, ಗ್ರೀಸ್ ಹಚ್ಚಿ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಬಾಟಂ ಬ್ರಾಕೆಟ್

ಈ ಭಾಗವನ್ನು ನಿಧಾನವಾಗಿ ಓದಿ. ಬಿಡಿಭಾಗ ಸೇರಿಸಿ ಕಟ್ಟಿದ ಬಿಎಂಎಕ್ಸ್‌ನಲ್ಲಿ ಅತಿ ಹೆಚ್ಚು ತಲೆ ತಿನ್ನುವ ಜಾಗ ಇದೇ.

ಇವತ್ತಿನ ಫ್ರೇಮ್‌ಗಳಲ್ಲಿ ಹೆಚ್ಚಾಗಿ ಇರುವುದು ಮಿಡ್ ಎಂಬ ಮಾದರಿ. ಅದರಲ್ಲಿ ಮರೆ ಇಲ್ಲ. ಫ್ರೇಮಿನ ಶೆಲ್ (ಬಾಟಂ ಬ್ರಾಕೆಟ್ ಕೂರುವ ದಪ್ಪ ಕೊಳವೆ) ಒಳಗೆ ಎರಡು ಕಡೆಯಿಂದ 41 ಮಿಲಿಮೀಟರ್ ಹೊರ ಅಳತೆಯ ಬೇರಿಂಗ್ ಒತ್ತಿ ಕೂರಿಸುತ್ತಾರೆ. ಶೆಲ್‌ನೊಳಗೆ ಎರಡೂ ಬದಿಗೆ ಒಂದು ಸಣ್ಣ ಅಂಚು ಉಂಟು, ಬೇರಿಂಗ್ ಹೋಗಿ ಅದಕ್ಕೆ ತಾಗಿ ನಿಲ್ಲಬೇಕು. ಎರಡು ಬೇರಿಂಗ್‌ಗಳ ನಡುವೆ ಒಂದು ಕೊಳವೆ. ಬೇರಿಂಗ್‌ನ ಹೊರಗೆ, ಕ್ರ್ಯಾಂಕ್ ತೋಳಿನವರೆಗೆ, ಸ್ಪೇಸರ್ ಉಂಗುರಗಳು. ಸ್ಪಿಂಡಲ್ (ಎರಡೂ ಕ್ರ್ಯಾಂಕ್ ತೋಳನ್ನು ಜೋಡಿಸುವ ಅಚ್ಚು) 19, 22 ಅಥವಾ 24 ಮಿಲಿಮೀಟರ್ ಇರಬಹುದು. ಬೇರಿಂಗ್‌ನ ಒಳ ಅಳತೆಯೂ ಅಷ್ಟೇ ಇರಬೇಕು.

ಮೊದಲ ಪರೀಕ್ಷೆ ಹೀಗೆ. ಚೈನ್ ಕಳಚಿ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ಬಿಡಿ. ಸಲೀಸಾಗಿ ಕೆಲವು ಸುತ್ತು ತಿರುಗಬೇಕು. ಬಿಗಿಯಾಗಿ ಬೇಗ ನಿಂತುಬಿಟ್ಟರೆ ಕ್ರ್ಯಾಂಕ್ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ತಿರುಗಿಸಿ. ಈಗ ಸಲೀಸಾದರೆ ಬೇರಿಂಗ್ ಸರಿಯಾಗಿಯೇ ಇದೆ. ಅದರ ಮೇಲೆ ಪಕ್ಕದಿಂದ ಒತ್ತಡ ಬೀಳುತ್ತಿದೆ, ಅಷ್ಟೇ.

ಮಣಿಪಾಲದಲ್ಲಿ ಓದುವ ಹುಡುಗನೊಬ್ಬನ ಸೈಕಲ್ ಹೀಗೇ ಇತ್ತು. ಎರಡನೇ ಜೊತೆ ಬೇರಿಂಗ್ ಹಾಕಿದ್ದ. ಅದೂ ಗರಗರ ಅನ್ನಲು ಶುರುವಾಗಿತ್ತು. ಬೋಲ್ಟ್ ಬಿಗಿ ಮಾಡಿದರೆ ಕ್ರ್ಯಾಂಕ್ ಕಲ್ಲಿನಂತೆ ಗಟ್ಟಿ, ಸಡಿಲ ಬಿಟ್ಟರೆ ತೋಳು ಅಕ್ಕಪಕ್ಕ ಅಲ್ಲಾಡುತ್ತಿತ್ತು. ಎಲ್ಲ ಬಿಚ್ಚಿ ನಡುವಿನ ಕೊಳವೆಯನ್ನು ಕ್ಯಾಲಿಪರ್‌ನಲ್ಲಿ ಹಿಡಿದೆವು. ಆಮೇಲೆ ಎರಡು ಬೇರಿಂಗ್‌ಗಳ ಒಳಮುಖಗಳ ನಡುವಿನ ಅಂತರ ಅಳೆದೆವು. ಕೊಳವೆ ಒಂದು ಮಿಲಿಮೀಟರಿನಷ್ಟು ಗಿಡ್ಡ. ಅದು ಬೇರೆ ಸೆಟ್‌ನ ಕೊಳವೆ. ಬೋಲ್ಟ್ ಬಿಗಿದಂತೆ ಸ್ಪೇಸರ್‌ಗಳು ಬೇರಿಂಗ್‌ನ ಒಳ ಉಂಗುರವನ್ನು ಒಳಗೆ ದೂಡುತ್ತಿದ್ದವು. ಹೊರ ಉಂಗುರ ಶೆಲ್‌ನ ಅಂಚಿಗೆ ತಾಗಿ ನಿಂತಲ್ಲೇ ನಿಂತಿತ್ತು. ನಡುವಿನ ಗುಂಡುಗಳು ಅಡ್ಡ ಒತ್ತಡಕ್ಕೆ ಸಿಕ್ಕಿ ಹಾಳಾಗುತ್ತಿದ್ದವು. ಯೆಯ್ಯಾಡಿ ಕಡೆಯ ಒಂದು ಲೇತ್‌ನಲ್ಲಿ ಸರಿಯಾದ ಉದ್ದಕ್ಕೆ ಹೊಸ ಕೊಳವೆ ತಿರುವಿಸಿ ಹಾಕಿದ ಮೇಲೆ ಅದೇ ಬೋಲ್ಟ್ ಪೂರ್ತಿ ಬಿಗಿದರೂ ಕ್ರ್ಯಾಂಕ್ ಗಾಳಿಯಲ್ಲಿ ತಿರುಗಿತು.

ಕೊಳವೆ ಉದ್ದವಾದರೆ ತೊಂದರೆ ಇನ್ನೊಂದು ತರ. ಆಗ ಒಂದು ಬೇರಿಂಗ್ ಅಂಚಿನವರೆಗೆ ಹೋಗುವುದೇ ಇಲ್ಲ. ಹೊರಗಿನಿಂದ ಎಲ್ಲ ಸರಿ ಕಾಣುತ್ತದೆ. ತುಳಿದಾಗ ಬೇರಿಂಗ್ ಶೆಲ್‌ನೊಳಗೆ ಕೂದಲೆಳೆಯಷ್ಟು ಸರಿದು ಟಕ್ ಅನ್ನುತ್ತದೆ. ಕ್ರ್ಯಾಂಕ್ ಸಲೀಸಾಗಿ ತಿರುಗುತ್ತದೆ, ಅಲ್ಲಾಡುವುದೂ ಇಲ್ಲ, ಭಾರ ಹಾಕಿದಾಗ ಮಾತ್ರ ಶಬ್ದ. ಹಾಗಿದ್ದರೆ ಕೊಳವೆಯನ್ನು ಅಳೆಯಲೇಬೇಕು.

ಇನ್ನೊಂದು ಕಾರಣ ಪೇಂಟ್. ಹಳೆ ಫ್ರೇಮ್ ತಂದು ಬೇಕಾದ ಬಣ್ಣಕ್ಕೆ ಪೌಡರ್ ಕೋಟಿಂಗ್ ಮಾಡಿಸುವುದು ಈಗ ಸಾಮಾನ್ಯ, ಅಲ್ವಾ? ಗೇಟು, ಗ್ರಿಲ್‌ಗಳಿಗೆ ಕೋಟಿಂಗ್ ಮಾಡುವವರಿಗೆ ಸೈಕಲ್ ಶೆಲ್‌ನ ಒಳಗೆ ಬಣ್ಣ ಬೀಳಬಾರದು ಎಂದು ಗೊತ್ತಿರುವುದಿಲ್ಲ. ಆ ಪದರ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ ಇರಬಹುದು. ಆದರೆ ಒತ್ತಿ ಕೂರಿಸುವ ಬೇರಿಂಗ್‌ಗೆ ಅದು ದೊಡ್ಡ ಅಡ್ಡಿ. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಬೇರಿಂಗ್ ಓರೆಯಾಗಿ ಕೂತು ಅಲ್ಲೇ ಹಾಳಾಗುತ್ತದೆ. ಶೆಲ್, ಹೆಡ್ ಟ್ಯೂಬ್ (ಹೆಡ್‌ಸೆಟ್ ಕೂರುವ ಮುಂದಿನ ಕೊಳವೆ), ಡ್ರಾಪ್‌ಔಟ್ (ಹಿಂದಿನ ಆಕ್ಸೆಲ್ ಕೂರುವ ಸೀಳು) ಈ ಮೂರನ್ನೂ ಟೇಪ್ ಸುತ್ತಿ ಮುಚ್ಚಿಯೇ ಕೋಟಿಂಗ್‌ಗೆ ಕೊಡಿ. ಈಗಾಗಲೇ ಬಣ್ಣ ಬಿದ್ದಿದ್ದರೆ ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಒರೆಸಿ ತೆಗೆಯಿರಿ. ಸ್ಯಾಂಡ್‌ಪೇಪರ್ ಹಾಕಿ ತಿಕ್ಕಿದರೆ ಶೆಲ್ ದೊಡ್ಡದಾಗುವ ಅಪಾಯ ಉಂಟು.

ಶೆಲ್ ನಿಜವಾಗಿಯೂ ದೊಡ್ಡದಾಗಿ, ಬೇರಿಂಗ್ ಬೆರಳಿನಲ್ಲಿ ದೂಡಿದರೂ ಒಳಗೆ ಹೋಗುವಂತಿದ್ದರೆ? ಬೇರಿಂಗ್ ಹಿಡಿಸುವ ಹಸಿರು ಬಣ್ಣದ ರಿಟೈನಿಂಗ್ ಅಂಟು ಬೇರಿಂಗ್ ಅಂಗಡಿಗಳಲ್ಲಿ ಸಿಗುತ್ತದೆ. ಗ್ರೀಸ್ ಒಂದು ಚೂರೂ ಉಳಿಯದಂತೆ ಒರೆಸಿ, ಅಂಟು ಹಚ್ಚಿ ಕೂರಿಸಿ, ಒಂದು ದಿನ ಬಿಡಿ.

ಚೈನ್ ಒಮ್ಮೆ ಬಿಗಿ, ಒಮ್ಮೆ ಸಡಿಲ

ಸೈಕಲ್ ತಲೆಕೆಳಗಾಗಿ ನಿಲ್ಲಿಸಿ ಕ್ರ್ಯಾಂಕ್ ನಿಧಾನವಾಗಿ ತಿರುಗಿಸಿ. ಮೇಲಿನ ಸಾಲಿನ ನಡುಭಾಗವನ್ನು ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಆಟ ಇರಬೇಕು. ಈ ಆಟ ಒಂದು ಜಾಗದಲ್ಲಿ ತೀರಾ ಕಡಿಮೆ, ಇನ್ನೊಂದು ಜಾಗದಲ್ಲಿ ಜೋತು ಬೀಳುವಷ್ಟು ಜಾಸ್ತಿ ಇದ್ದರೆ ಕೂಡಲೇ ಚಕ್ರ ಹಿಂದೆ ಎಳೆಯಲು ಹೋಗಬೇಡಿ. ಬಿಗಿ ಆಗುವ ಜಾಗ ಎಷ್ಟು ಸಲಕ್ಕೊಮ್ಮೆ ಬರುತ್ತದೆ ನೋಡಿ.

ಕ್ರ್ಯಾಂಕಿನ ಪ್ರತಿ ಸುತ್ತಿಗೆ ಒಂದೇ ಸಲ, ಅದೇ ಜಾಗದಲ್ಲಿ ಬಿಗಿಯಾದರೆ ಸ್ಪ್ರಾಕೆಟ್ ಮಧ್ಯಕ್ಕೆ ಕೂತಿಲ್ಲ. ಸ್ಪ್ರಾಕೆಟ್‌ನ ನಡು ತೂತು ಸಾಮಾನ್ಯವಾಗಿ 24 ಮಿಲಿಮೀಟರ್ ಹತ್ತಿರ ಇರುತ್ತದೆ. 19 ಅಥವಾ 22ರ ಸ್ಪಿಂಡಲ್‌ಗೆ ಹಾಕುವಾಗ ನಡುವೆ ಒಂದು ಅಡಾಪ್ಟರ್ ಉಂಗುರ ಬೇಕು. ಹಳೆ ಕ್ರ್ಯಾಂಕ್ ಕೊಂಡಾಗ ಹೆಚ್ಚಾಗಿ ಈ ಉಂಗುರವೇ ಕಳೆದುಹೋಗಿರುತ್ತದೆ. ಅದಿಲ್ಲದೆ ಹಾಕಿದರೆ ಸ್ಪ್ರಾಕೆಟ್ ಬೋಲ್ಟ್ ಒಂದರಲ್ಲೇ ನೇತಾಡುತ್ತಾ ಒಂದು ಬದಿಗೆ ವಾಲಿ ಕೂರುತ್ತದೆ. ಇಪ್ಪತ್ತು ಪೈಸೆಯ ಪಾರ್ಟಿಗಾಗಿ ಚೈನ್, ಡ್ರೈವರ್ ಎರಡೂ ಸವೆದುಹೋಗುವುದನ್ನು ನೋಡಿದರೆ ಬೇಜಾರಾಗುತ್ತದೆ.

ಸುತ್ತಿಗೆ ಎರಡು ಮೂರು ಸಲ ಬಿಗಿಯಾದರೆ ಹಿಂದಿನ ಡ್ರೈವರ್ ಓಲಾಡುತ್ತಿದೆ. ಅದರ ಬೇರಿಂಗ್ ಹೋಗಿದೆ, ಇಲ್ಲವೇ ಆಕ್ಸೆಲ್ ಬಾಗಿದೆ. ಮೂರು ನಾಲ್ಕು ಸುತ್ತಿಗೊಮ್ಮೆ, ಪ್ರತಿ ಸಲ ಬೇರೆ ಬೇರೆ ಕ್ರ್ಯಾಂಕ್ ಸ್ಥಾನದಲ್ಲಿ ಬಂದರೆ ಚೈನ್‌ನಲ್ಲೇ ಒಂದು ಗಟ್ಟಿಯಾದ ಕೊಂಡಿ ಉಂಟು. ಚೈನನ್ನು ಹಿಂದಕ್ಕೆ ನಿಧಾನವಾಗಿ ಓಡಿಸಿ, ಡ್ರೈವರ್ ದಾಟಿ ಹೊರಗೆ ಬರುವ ಜಾಗ ನೋಡುತ್ತಾ ಇರಿ. ಮಡಚಿದಂತೆಯೇ ಉಳಿಯುವ ಕೊಂಡಿ ಕಣ್ಣಿಗೆ ಬೀಳುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ಒದ್ದೆಯಾಗಿ ಬಿಟ್ಟರೆ ಸಾಕು, ಹೀಗಾಗುತ್ತದೆ. ಆ ಕೊಂಡಿಯನ್ನು ಅಕ್ಕಪಕ್ಕ ಸ್ವಲ್ಪ ಬಗ್ಗಿಸಿ ಸಡಿಲಿಸಿ, ಎಣ್ಣೆ ಬಿಡಿ.

ಎಣ್ಣೆ ಅಂದಾಗ ಒಂದು ಮಾತು. ತೆಂಗಿನೆಣ್ಣೆ ಬೇಡ ಮಾರಾಯ್ರೆ. ಮನೆಯಲ್ಲಿ ಕೈಗೆ ಸಿಗುವುದು ಅದೇ, ನಿಜ. ಆದರೆ ಸ್ವಲ್ಪ ದಿನದಲ್ಲಿ ಅದು ಅಂಟಂಟಾಗಿ, ಮುರಕಲ್ಲಿನ ಕೆಂಪು ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಆ ಧೂಳು ಚೈನಿನ ಪಿನ್ನನ್ನು ಅರದಂತೆ ತಿನ್ನುತ್ತದೆ.

ಚೈನ್ ಸವೆದಿದೆಯೇ ಎಂದು ತಿಳಿಯಲು ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ಮಧ್ಯದಿಂದ 24 ಕೊಂಡಿ ಆಚೆಯ ಪಿನ್ನಿನ ಮಧ್ಯದವರೆಗೆ ಅಳೆಯಿರಿ. ಹೊಸದರಲ್ಲಿ ಅದು ಸರಿಯಾಗಿ 12 ಇಂಚು, ಅಂದರೆ 304.8 ಮಿಲಿಮೀಟರ್. 307 ಹತ್ತಿರ ಬಂದಿದ್ದರೆ ಬದಲಾಯಿಸಿ. ಹಾಫ್‌ಲಿಂಕ್ ಚೈನ್ (ಎಲ್ಲ ಕೊಂಡಿಯೂ ಒಂದೇ ಆಕಾರದ್ದು) ಹಾಕಿದವರು ಇನ್ನೂ ಬೇಗ ಬೇಗ ಅಳೆಯುತ್ತಿರಬೇಕು, ಅದು ಜಾಸ್ತಿ ಉದ್ದವಾಗುತ್ತದೆ. ಕೊಳ್ಳುವಾಗ ಅಗಲ ನೋಡಿ. ಬಿಎಂಎಕ್ಸ್‌ಗೆ ಬೇಕಾದದ್ದು 1/8 ಇಂಚಿನದು. ಗೇರ್ ಸೈಕಲ್‌ನ 3/32 ಚೈನ್ ಅಗಲ ಹಲ್ಲಿನ ಸ್ಪ್ರಾಕೆಟ್ ಮೇಲೆ ಪೂರ್ತಿ ಇಳಿದು ಕೂರುವುದೇ ಇಲ್ಲ. ನಮ್ಮ ಸಾದಾ ಸೈಕಲ್ ಚೈನ್ ಅಗಲದಲ್ಲಿ ಹೊಂದುತ್ತದೆ. ತುರ್ತಿಗೆ ಮನೆಗೆ ಹೋಗಲು ಅಡ್ಡಿಯಿಲ್ಲ, ಅದನ್ನು ನಂಬಿ ಮೆಟ್ಟಿಲು ಹಾರಬೇಡಿ.

ತುಳಿದಾಗ ಜಾರಿದರೆ

ಪೂರ್ತಿ ಭಾರ ಹಾಕಿ ತುಳಿದಾಗ ಪೆಡಲ್ ಒಮ್ಮೆಲೇ ಕೆಳಗೆ ಕುಸಿಯುವುದು ಅಪಾಯದ ದೋಷ. ಮೊಣಕಾಲು ಸ್ಟೆಮ್‌ಗೆ ಬಡಿಯುತ್ತದೆ, ಹಲ್ಲು ಹ್ಯಾಂಡಲ್‌ಬಾರ್‌ಗೆ. ಇದು ಸರಿಯಾಗುವವರೆಗೆ ಸೈಕಲ್ ಹೊರಗೆ ತೆಗೆಯಬೇಡಿ.

ಜಾರುವುದು ಚೈನೋ ಹಬ್ಬೋ ಎಂದು ಮೊದಲು ತೀರ್ಮಾನಿಸಬೇಕು. ಡ್ರೈವರ್‌ನ ಒಂದು ಹಲ್ಲಿಗೂ ಅದರ ಮೇಲೆ ಕೂತ ಕೊಂಡಿಗೂ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಮುಂದಿನ ಚಕ್ರವನ್ನು ಗೋಡೆಗೆ ಒತ್ತಿ ನಿಲ್ಲಿಸಿ. ಒಬ್ಬರು ಸೀಟನ್ನು ಕೆಳಕ್ಕೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಮುಂದಿರುವ ಪೆಡಲನ್ನು ಕೈಯಿಂದ ಬಲವಾಗಿ ಅದುಮಲಿ. ಜಾರಿದ ಮೇಲೆ ಗೆರೆ ನೋಡಿ. ಕೊಂಡಿಯ ಗೆರೆ ಹಲ್ಲಿನ ಗೆರೆಯಿಂದ ಬೇರೆಯಾಗಿದ್ದರೆ ಚೈನ್ ಹಲ್ಲು ಹಾರಿದೆ. ಎರಡೂ ಗೆರೆ ಜೊತೆಗೇ ಮುಂದೆ ಹೋಗಿ ಚಕ್ರ ಮಾತ್ರ ಅಲ್ಲೇ ನಿಂತಿದ್ದರೆ ಹಬ್‌ನೊಳಗೆ ಹಿಡಿತ ತಪ್ಪಿದೆ.

ಚೈನ್ ಹಾರುತ್ತಿದ್ದರೆ 9 ಹಲ್ಲಿನ ಡ್ರೈವರನ್ನು ಹತ್ತಿರದಿಂದ ನೋಡಿ. ಅದು ಸ್ಪ್ರಾಕೆಟ್‌ಗಿಂತ ಮೂರು ಪಟ್ಟು ಹತ್ತಿರ ಜಾಸ್ತಿ ತಿರುಗುತ್ತದೆ, ಹಲ್ಲೂ ಕಡಿಮೆ, ಆದ್ದರಿಂದ ಮೊದಲು ಸವೆಯುವುದು ಅದೇ. ಹಲ್ಲು ಒಂದು ಬದಿಗೆ ಕೊಕ್ಕೆಯಂತೆ ಬಾಗಿದ್ದರೆ ಹೊಸ ಚೈನ್ ಹಾಕಿದಷ್ಟೂ ಜಾಸ್ತಿ ಹಾರುತ್ತದೆ. ಡ್ರೈವರ್, ಚೈನ್ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಹಲ್ಲು ಚೆನ್ನಾಗಿದ್ದರೆ ಹಿಂದಿನಿಂದ ಬಗ್ಗಿ, ಸ್ಪ್ರಾಕೆಟ್ ಮತ್ತು ಡ್ರೈವರ್ ಒಂದೇ ನೇರದಲ್ಲಿವೆಯೇ ನೋಡಿ. ಚೈನ್ ಓರೆಯಾಗಿ ಓಡುತ್ತಿದ್ದರೆ ಬಾಟಂ ಬ್ರಾಕೆಟ್ ಸ್ಪೇಸರ್‌ಗಳನ್ನು ಎಡದಿಂದ ಬಲಕ್ಕೆ ಬದಲಾಯಿಸಿ ಸರಿಮಾಡಬಹುದು.

ಹಬ್‌ನೊಳಗೆ ಜಾರುತ್ತಿದ್ದರೆ, ಕ್ಯಾಸೆಟ್ ಹಬ್ ಆಗಿದ್ದಲ್ಲಿ, ಡ್ರೈವರ್ ಹೊರಗೆಳೆದು, ತುಳಿದಾಗ ಹಬ್ಬನ್ನು ಹಿಡಿಯುವ ಪಾಲ್ ಎಂಬ ಸಣ್ಣ ನಾಲಗೆಗಳನ್ನು ನೋಡಿ. ಒಂದೊಂದನ್ನೂ ಉಗುರಿನಿಂದ ಒತ್ತಿ ಬಿಟ್ಟರೆ ಟಪ್ಪನೆ ಮೇಲೇಳಬೇಕು. ಮೆಲ್ಲಗೆ ಏಳುವುದು, ಅಥವಾ ಏಳದೆ ಇರುವುದು ಕಂಡರೆ ಹಬ್ ಜಾರಲು ಅದೇ ಕಾರಣ. ಮಳೆ ಮುಗಿದ ಮೇಲೆ ಬಿಚ್ಚಿದ ಹಬ್‌ಗಳಲ್ಲಿ ಗ್ರೀಸ್ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿರುತ್ತದೆ. ನೀರು ಸೇರಿದ ಗುರುತು ಅದು. ಪೂರ್ತಿ ತೊಳೆದು ತೆಗೆಯಿರಿ.

ಇಲ್ಲಿ ಕರಾವಳಿಯವರು ಎಚ್ಚರ ಇಡಬೇಕಾದ ವಿಷಯ ಒಂದಿದೆ. ಮಲ್ಪೆ ಮತ್ತು ಮಂಗಳೂರು ಬಂದರಿನ ಕಡೆ ಬೋಟಿನವರು ಬಳಸುವ ದಪ್ಪ ಗ್ರೀಸ್ ಸುಲಭವಾಗಿ ಸಿಗುತ್ತದೆ. ನೀರಿಗೆ ಅದು ಒಳ್ಳೆಯದೇ. ಹೆಡ್‌ಸೆಟ್, ಸೀಟ್‌ಪೋಸ್ಟ್, ಬಾಟಂ ಬ್ರಾಕೆಟ್ ಬೇರಿಂಗ್‌ನ ಹೊರಮೈ, ಪೆಡಲ್ ಮರೆ ಇವಕ್ಕೆ ಧಾರಾಳವಾಗಿ ಹಚ್ಚಿ. ಪಾಲ್‌ಗಳಿಗೆ ಮಾತ್ರ ಬೇಡವೇ ಬೇಡ. ದಪ್ಪ ಗ್ರೀಸಿನಲ್ಲಿ ಹೂತ ಪಾಲ್ ಸಮಯಕ್ಕೆ ಸರಿಯಾಗಿ ಏಳುವುದಿಲ್ಲ. ಅವಕ್ಕೆ ತೆಳು ಎಣ್ಣೆ ಅಥವಾ ತೀರಾ ತೆಳುವಾದ ಗ್ರೀಸ್ ಸಾಕು.

ಫ್ರೀಕೋಸ್ಟರ್ ಹಬ್ ಇದ್ದವರು ಗಾಬರಿಯಾಗಬೇಡಿ. ಹಿಂದಕ್ಕೆ ಉರುಳುವಾಗ ಪೆಡಲ್ ತಿರುಗದೆ ಇರಲೆಂದೇ ಅದರಲ್ಲಿ ಸ್ವಲ್ಪ ಖಾಲಿ ಆಟ ಇಟ್ಟಿರುತ್ತಾರೆ. ತುಳಿದ ಮೇಲೆ ಒಂದಷ್ಟು ದೂರ ಪೆಡಲ್ ಸುಮ್ನೆ ಹೋಗಿ ಆಮೇಲೆ ಹಿಡಿಯುವುದು ಅದರ ಗುಣ. ಆ ಆಟ ದಿನದಿಂದ ದಿನಕ್ಕೆ ಬೆಳೆಯುತ್ತಿದ್ದರೆ, ಕೆಲವೊಮ್ಮೆ ಹಿಡಿಯದೇ ಇದ್ದರೆ ಮಾತ್ರ ದೋಷ. ಒಳಗಿನ ಕ್ಲಚ್ ಹಿಡಿಯಲು ಸ್ವಲ್ಪ ಘರ್ಷಣೆ ಬೇಕು. ಗ್ರೀಸ್ ಜಾಸ್ತಿ ಆದರೆ ಕ್ಲಚ್ ಡ್ರೈವರ್ ಜೊತೆಗೇ ತಿರುಗುತ್ತಾ ಹೋಗುತ್ತದೆ. ಒರೆಸಿ, ಕಡಿಮೆ ಹಚ್ಚಿ ನೋಡಿ. ಆಮೇಲೂ ಹಿಡಿಯದಿದ್ದರೆ ಘರ್ಷಣೆ ಕೊಡುವ ಸ್ಪ್ರಿಂಗ್ ಸವೆದಿರುತ್ತದೆ.

ಹಬ್ ಬೇರಿಂಗ್ ಬದಲಿಸುವಾಗ ಅದರ ಮೇಲೆ ಕೆತ್ತಿದ ನಂಬರ್ ಓದಿ. ಉದಾಹರಣೆಗೆ 6902 ಎಂದರೆ 15 ಒಳ, 28 ಹೊರ, 7 ದಪ್ಪ. ಇಂಥ ನಂಬರಿನವು ಮೋಟಾರು ಬೇರಿಂಗ್ ಅಂಗಡಿಯಲ್ಲೂ ಸಿಗುತ್ತವೆ. ನಂಬರಿನ ಕೊನೆಗೆ 2ಆರ್‌ಎಸ್ ಎಂದಿರುವುದನ್ನೇ ಕೇಳಿ, ಎರಡೂ ಕಡೆ ರಬ್ಬರ್ ಸೀಲ್ ಇರುತ್ತದೆ. ಜಡ್‌ಜಡ್ ಎಂದಿದ್ದರೆ ಬರೀ ತಗಡಿನ ಮುಚ್ಚಳ. ಧೂಳು ತಡೆಯುತ್ತದೆ, ನಮ್ಮ ಆಷಾಢದ ಮಳೆ ತಡೆಯುವುದಿಲ್ಲ.

ಮುಂಭಾಗ: ಹೆಡ್‌ಸೆಟ್ ಮತ್ತು ಸ್ಟೆಮ್

ಹೆಡ್‌ಸೆಟ್ ಸಡಿಲವೇ ಎಂದು ನೋಡಲು ಮುಂದಿನ ಬ್ರೇಕ್ ಹಿಡಿದು ಅಲ್ಲಾಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಸ್ಟ್ರೀಟ್ ಸೈಕಲ್‌ನಲ್ಲಿ ಬ್ರೇಕೇ ಇಲ್ಲದವರು ಹೆಚ್ಚು. ಹಾಗಾದರೆ ಮುಂದಿನ ಟೈರನ್ನು ಒಂದು ಮೆಟ್ಟಿಲಿಗೆ ಒತ್ತಿ ನಿಲ್ಲಿಸಿ. ಎಡಗೈ ಬೆರಳುಗಳನ್ನು ಹೆಡ್ ಟ್ಯೂಬ್ ಮತ್ತು ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಸೇರುವ ಗೆರೆಯ ಮೇಲೆ ಇಟ್ಟು ಸೈಕಲನ್ನು ಮುಂದೆ ಹಿಂದೆ ದೂಡಿ. ಸಣ್ಣ ಅಲುಗಾಟವೂ ಬೆರಳಿಗೆ ತಿಳಿಯುತ್ತದೆ.

ಬಿಗಿ ಮಾಡುವ ಕ್ರಮ ತಪ್ಪಬಾರದು. ಸ್ಟೆಮ್‌ನ ಹಿಂಬದಿಯ ಬೋಲ್ಟ್‌ಗಳನ್ನು ಸಡಿಲಿಸಿ, ಮೇಲಿನ ಬೋಲ್ಟನ್ನು ಆಟ ಹೋಗುವವರೆಗೆ ಮಾತ್ರ ಬಿಗಿದು, ಆಮೇಲೆ ಹಿಂಬದಿಯವನ್ನು ಬಿಗಿಯಿರಿ. ಮೇಲಿನ ಬೋಲ್ಟ್ ಎಷ್ಟು ಬಿಗಿದರೂ ಆಟ ಹೋಗದಿದ್ದರೆ ಮುಚ್ಚಳ ತೆಗೆದು ಒಳಗೆ ನೋಡಿ. ಫೋರ್ಕಿನ ಕೊಳವೆಯ ತುದಿ ಸ್ಟೆಮ್‌ನ ಮೇಲಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗಿರಬೇಕು. ಸಮಕ್ಕೆ ಸಮ ಇದ್ದರೆ ಮುಚ್ಚಳ ಕೊಳವೆಗೇ ತಾಗಿ ನಿಲ್ಲುತ್ತದೆ, ಬೇರಿಂಗ್‌ಗೆ ಒತ್ತಡ ತಲುಪುವುದೇ ಇಲ್ಲ. ಒಂದು ಸ್ಪೇಸರ್ ಸೇರಿಸಿದರೆ ಮುಗಿಯಿತು.

ಬೇರಿಂಗ್ ಕೋನದಲ್ಲೂ ಒಂದು ಗೊಂದಲ ಉಂಟು. ಬಿಎಂಎಕ್ಸ್ ಇಂಟಿಗ್ರೇಟೆಡ್ ಹೆಡ್‌ಸೆಟ್‌ಗೆ (ಬೇರಿಂಗ್ ನೇರ ಹೆಡ್ ಟ್ಯೂಬಿನೊಳಗೇ ಕೂರುವುದು) ಬೇಕಾದದ್ದು ಒಳಗೂ ಹೊರಗೂ 45 ಡಿಗ್ರಿ ಇಳಿಜಾರಿನ, 41.8 ಮಿಲಿಮೀಟರ್ ಬೇರಿಂಗ್. ಬೇರೆ ಸೈಕಲ್‌ಗಳ 36 ಮತ್ತು 45 ಡಿಗ್ರಿಯದು ನೋಡಲು ಹಾಗೇ ಇರುತ್ತದೆ, 41 ಮಿಲಿಮೀಟರ್. ಹಾಕಿದರೆ ಕೂತ ಹಾಗೆ ಕಾಣುತ್ತದೆ, ಎರಡು ಸಲ ಹಾರಿದ ಕೂಡಲೇ ಮತ್ತೆ ಸಡಿಲ. ಅಂಕಿ ಬೇರಿಂಗ್ ಮೇಲೆಯೇ ಬರೆದಿರುತ್ತದೆ, ಓದಿ.

ಇಳಿದಾಗ ಹ್ಯಾಂಡಲ್‌ಬಾರ್ ಮುಂದಕ್ಕೆ ತಿರುಗುತ್ತಿದ್ದರೆ ಇನ್ನೂ ಬಿಗಿ ಮಾಡುವ ಮೊದಲು ಸ್ಟೆಮ್ ಬಾರನ್ನು ಹಿಡಿಯುವ ಜಾಗ ಕಳಚಿ ನೋಡಿ. ಅಲ್ಲಿ ಗ್ರೀಸ್ ಇರಲೇಬಾರದು. ಉಗುರು ಬಣ್ಣ ತೆಗೆಯುವ ಅಸಿಟೋನ್‌ನಲ್ಲಿ ಎರಡೂ ಮೈ ಒರೆಸಿ, ನಾಲ್ಕು ಬೋಲ್ಟನ್ನು ಅಡ್ಡಡ್ಡವಾಗಿ, ಸಂದಿ ನಾಲ್ಕೂ ಕಡೆ ಸಮ ಇರುವಂತೆ ಬಿಗಿಯಿರಿ. ಬಾರ್ ನಡುಭಾಗ 22.2 ಮಿಲಿಮೀಟರ್, ಸ್ಟೆಮ್ 25.4ರದ್ದು ಆಗಿದ್ದರೆ ಯಾವ ಬೋಲ್ಟೂ ಹಿಡಿಯುವುದಿಲ್ಲ. ನಡುವೆ ತಗಡು ಮಡಚಿ ತುರುಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಇದು ಮುಖ ಒಡೆಯುವ ವಿಷಯ.

ಹಿಂದಿನ ಆಕ್ಸೆಲ್, ಪೆಗ್

ಗ್ರೈಂಡ್ (ಕಟ್ಟೆ, ಕಂಬಿಯ ಮೇಲೆ ಉಜ್ಜಿ ಜಾರುವುದು) ಮಾಡಿದ ಮೇಲೆ ಪೆಗ್ (ಆಕ್ಸೆಲ್ ತುದಿಗೆ ಹಾಕುವ ಕೊಳವೆ) ಸಡಿಲ, ಚಕ್ರ ಮುಂದೆ ಸರಿದು ಟೈರ್ ಫ್ರೇಮಿಗೆ ಉಜ್ಜುವುದು. ಎರಡಕ್ಕೂ ಕಾರಣ ಹೆಚ್ಚಾಗಿ ಒಂದೇ, ನಟ್‌ಗೆ ಹಿಡಿತ ಸಾಲುತ್ತಿಲ್ಲ. ಹಿಂದಿನ ಆಕ್ಸೆಲ್ 14 ಮಿಲಿಮೀಟರ್ ದಪ್ಪ ಇದ್ದರೂ ಅದರ ಮೇಲೆ ಹಬ್ ಗಾರ್ಡ್ (ಹಬ್ ಕಾಯುವ ಮುಚ್ಚಳ), ದಪ್ಪ ಡ್ರಾಪ್‌ಔಟ್, ಪೆಗ್ ಎಲ್ಲ ಸಾಲಾಗಿ ಬಂದು ಕೂತಾಗ ನಟ್‌ಗೆ ಉಳಿಯುವುದು ಎರಡು ಮೂರು ಮರೆ ಮಾತ್ರ. ನಟ್ ಪೂರ್ತಿ ಒಳಗೆ ಹೋದಾಗ ಆಕ್ಸೆಲ್ ತುದಿ ನಟ್‌ನ ಮುಖಕ್ಕೆ ಸಮವಾದರೂ ಬರಬೇಕು. ಬರದಿದ್ದರೆ ಒಳಗಿನ ವಾಷರ್ ತೆಗೆಯಿರಿ, ತೆಳುವಾದ ಗಾರ್ಡ್ ಹಾಕಿ. ಸುಮ್ನೆ ಬಲ ಹಾಕಿದರೆ ಮರೆ ಕಿತ್ತು ಬರುತ್ತದೆ.

ಡ್ರಾಪ್‌ಔಟ್ ಮೇಲೆ ಪೌಡರ್ ಕೋಟಿಂಗ್ ಇದ್ದರೆ ನಟ್ ಒತ್ತುವ ಜಾಗದಲ್ಲಿ ಕೆರೆದು ತೆಗೆಯಿರಿ. ಒತ್ತಡಕ್ಕೆ ಬಣ್ಣ ಕುಗ್ಗುತ್ತಾ ಹೋದಂತೆ ನಟ್ ತಾನಾಗಿಯೇ ಸಡಿಲಾಗುತ್ತದೆ. ಬರಿಯ ಲೋಹಕ್ಕೆ ತೆಳ್ಳಗೆ ಗ್ರೀಸ್ ಸವರಿ, ಇಲ್ಲದಿದ್ದರೆ ತುಕ್ಕು.

ತಣ್ಣೀರುಬಾವಿಗೋ ಮಲ್ಪೆಗೋ ಹೋಗಿ ಬಂದ ದಿನ ಬಕೆಟ್‌ನಲ್ಲಿ ಸಿಹಿನೀರು ತೆಗೆದುಕೊಂಡು ಮೆಲ್ಲಗೆ ತೊಳೆಯಿರಿ. ಬೈಕ್ ತೊಳೆಯುವ ವಾಟರ್ ಸರ್ವಿಸ್‌ಗೆ ಕೊಡಬೇಡಿ, ಆ ಒತ್ತಡದ ನೀರು ಸೀಲ್ ದಾಟಿ ಬೇರಿಂಗ್‌ನೊಳಗೆ ಹೋಗುತ್ತದೆ. ಮಳೆಯಲ್ಲಿ ನೆನೆದರೆ ಸೀಟ್‌ಪೋಸ್ಟ್ ತೆಗೆದು ಸೈಕಲ್ ತಲೆಕೆಳಗಾಗಿಸಿ ಒಂದು ರಾತ್ರಿ ಬಿಡಿ. ಫ್ರೇಮಿನೊಳಗೆ ನಿಂತ ನೀರು ಎಷ್ಟು ಬರುತ್ತದೆ ಎಂದು ನೋಡಿದರೆ ನಿಮಗೇ ಆಶ್ಚರ್ಯವಾದೀತು.

ಎಲ್ಲ ಸರಿಯಿದ್ದೂ ಶಬ್ದ ನಿಲ್ಲದಿದ್ದರೆ

ಆಗ ಬಿರುಕು ಹುಡುಕಿ. ಹೆಡ್ ಟ್ಯೂಬ್‌ಗೆ ಕೆಳಪೈಪ್ ಸೇರುವ ವೆಲ್ಡಿಂಗ್, ಬಾಟಂ ಬ್ರಾಕೆಟ್ ಶೆಲ್‌ನ ಸುತ್ತ, ಡ್ರಾಪ್‌ಔಟ್‌ನ ಬುಡ, ಫೋರ್ಕ್ ಕಾಲು ಕೊಳವೆಗೆ ಸೇರುವ ಜಾಗ, ಕ್ರ್ಯಾಂಕ್ ತೋಳಿನಲ್ಲಿ ಪೆಡಲ್ ಹೋಗುವ ತೂತಿನ ಸುತ್ತ. ವೆಲ್ಡಿಂಗ್ ಅಂಚಿನಲ್ಲಿ ಕೂದಲಿನಷ್ಟು ತೆಳುವಾದ ಕಂದು ಗೆರೆ ಕಂಡರೆ ಅದನ್ನು ಕೊಳೆ ಎಂದು ಬಿಡಬೇಡಿ, ಬಣ್ಣ ಸೀಳಿ ಒಳಗಿನಿಂದ ತುಕ್ಕು ಹೊರಗೆ ಬರುತ್ತಿರಬಹುದು.

ಖಚಿತಪಡಿಸಿಕೊಳ್ಳಲು ಹಳೆ ಕಾಲದ ಒಂದು ಪರೀಕ್ಷೆ ಇದೆ. ಆ ಜಾಗದ ಬಣ್ಣ ಕೆರೆದು, ಒರೆಸಿ, ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಕಾಲು ಗಂಟೆ ಬಿಡಿ. ಮೇಲ್ಮೈ ಪೂರ್ತಿ ಒಣಗುವಂತೆ ಒರೆಸಿ. ಸೀಮೆಸುಣ್ಣ ಪುಡಿ ಮಾಡಿ ತೆಳ್ಳಗೆ ಸವರಿ ಕಾಯಿರಿ. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ನಿಧಾನವಾಗಿ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಎಳೆಯುತ್ತದೆ.

ಗೆರೆ ಬಂದರೆ ಆ ಫ್ರೇಮಿನ ಮೇಲೆ ಇನ್ನು ಹಾರಬೇಡಿ. ಗೇಟು ಮಾಡುವಲ್ಲಿಗೆ ಹೋಗಿ ವೆಲ್ಡ್ ಹಾಕಿಸುವುದೂ ಬೇಡ. 4130 ಕ್ರೋಮೋಲಿ (ಗಟ್ಟಿ ಮಿಶ್ರಲೋಹದ ಸ್ಟೀಲ್) ಪೈಪಿನ ಗೋಡೆ ಅನೇಕ ಕಡೆ ಒಂದು ಮಿಲಿಮೀಟರಿಗಿಂತ ತೆಳು. ಸಾದಾ ಆರ್ಕ್ ವೆಲ್ಡಿಂಗ್ ಬಿಸಿಗೆ ಅದು ತೂತಾಗುತ್ತದೆ, ಇಲ್ಲವೇ ವೆಲ್ಡಿನ ಪಕ್ಕ ಗಡುಸಾಗಿ ಮತ್ತೆ ಅಲ್ಲೇ ಸೀಳುತ್ತದೆ. ಫೋರ್ಕ್ ಆದರಂತೂ ಯೋಚಿಸುವುದೇ ಬೇಡ, ಎಸೆಯಿರಿ. ಉಳಿದ ಪಾರ್ಟ್‌ಗಳೆಲ್ಲ ಹೊಸ ಫ್ರೇಮಿಗೆ ಹೋಗುತ್ತವೆ. ಅದನ್ನು ಆರ್ಡರ್ ಮಾಡುವ ಮೊದಲು ಶೆಲ್ ಮಿಡ್ ಹೌದೋ, ಹೆಡ್ ಟ್ಯೂಬ್ 45 ಡಿಗ್ರಿ ಬೇರಿಂಗಿನದು ಹೌದೋ, ಡ್ರಾಪ್‌ಔಟ್ ಎಷ್ಟು ದಪ್ಪ ಎಂದು ಮಾರುವವರನ್ನು ಕೇಳಿ, ಉತ್ತರ ಬರಹದಲ್ಲೇ ತೆಗೆದುಕೊಳ್ಳಿ.